ಬಾಟಲಿಯ ಮೇಲಿನ ಗೆರೆ

(ಬಾನುಲಿ ಭಾಷಣ)

ನಮ್ಮ ಮನೆಯ ಪಡಸಾಲೆಯ ಮಾಡದಲ್ಲಿ ಒಂದು ಪುಟ್ಟ ಸಾಣೆಕಲ್ಲು ಇರುತ್ತಿತ್ತು. ದೇವರ ಗಂಧಕ್ಕೆ ಬೇರೆ ಕಲ್ಲು. ಇದು ಮಕ್ಕಳ ಮದ್ದಿಗೆಂದೇ ಮೀಸಲಾದದ್ದು. ಮನೆಯಲ್ಲಾಗಲಿ ನೆರೆಯಲ್ಲಾಗಲಿ ಕೂಸು ಹುಟ್ಟಿತೆಂದರೆ ನನ್ನ ಆಯಿ ಆ ಕಲ್ಲನ್ನು ತೊಳೆದು, ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಜಿಕಾಯಿಗಳನ್ನು ಒಂದೊಂದಾಗಿ ತಾಯಿಯ ಹಾಲಿನಲ್ಲಿ ತೇಯಲು ಕೂಡುವಳು. ತೇಯುವಾಗ ಆಕೆಯ ತುಟಿಗಳು ಅಲ್ಲಾಡುತ್ತಿದ್ದವು. ಮಂತ್ರ ಹೇಳುತ್ತಾಳೆಂದು ನಾವು ಹುಡುಗರು ತಿಳಿದಿದ್ದೆವು. ಹತ್ತಿರ ಹೋಗಿ ಕಿವಿಗೊಟ್ಟರೆ ಆಕೆ ಸುತ್ತು ಎಣಿಸುತ್ತಿದ್ದಳು. “ಬಜಿ ಎರಡ ಸುತ್ತ, ಅಳಲಿಕಾಯಿ ನಾಕ ಸುತ್ತ.” ಕೂಸಿಗೆ ತಿಂಗಳು ತುಂಬಿದಂತೆ ಸುತ್ತುಗಳೂ ಏರುತ್ತಿದ್ದವು. ನಡುವೆ ಯಾರಾದರೂ ಮಾತನಾಡಿಸಿ ಎಣಿಕೆ ತಪ್ಪಿತೆಂದರೆ, ತೇಯ್ದದ್ದನ್ನೆಲ್ಲ ತೊಳೆದು ಚೆಲ್ಲಿ ಮತ್ತೆ ಮೊದಲಿನಿಂದ ಆರಂಭಿಸುವಳು.

ಆ ಮದ್ದಿನ ಗುಣದೋಷಗಳ ಚರ್ಚೆಗೆ ನಾನು ಹೊರಟಿಲ್ಲ. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲಿನ ಹೊರತು ಬೇರೇನೂ ಬೇಡವೆಂದು ಇಂದಿನ ವೈದ್ಯರು ಹೇಳುತ್ತಾರೆ. ಆ ಮಾತೇ ಸರಿ. ನನಗೆ ನೆನಪಾಗುವುದು ಆಯಿಯ ಎಣಿಕೆ. ಮದ್ದಿನಲ್ಲಿ ಪದಾರ್ಥದಷ್ಟೇ ಪ್ರಮಾಣವೂ ಮುಖ್ಯವೆಂಬುದು ಓದುಬರಹ ಬಾರದ ಆ ಹೆಂಗಸಿಗೆ ಗೊತ್ತಿತ್ತು. ಕೂಸಿನ ಪ್ರಮಾಣ ಬೇರೆ, ದೊಡ್ಡವರ ಪ್ರಮಾಣ ಬೇರೆ ಎಂಬುದೂ ಗೊತ್ತಿತ್ತು. ಈ ಸಣ್ಣ ತಿಳಿವಳಿಕೆಯನ್ನು ಆಧುನಿಕ ವೈದ್ಯವು ಎಂಥ ಬೆಲೆ ತೆತ್ತು ಕಲಿಯಿತು, ಹಾಗೆ ಕಲಿತದ್ದು ನಮ್ಮ ಎರೆನಾಡಿನ ಹಳ್ಳಿಗಳಿಗೆ ಎಷ್ಟು ತಡವಾಗಿ ಬಂದು ಮುಟ್ಟಿತು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ. ಇದು ಇತಿಹಾಸದ ಮಾತು. ಇದರೊಳಗೆ ನನ್ನ ಮನೆಯ ಮಾತೂ ಒಂದಿಷ್ಟು ಸೇರಿಕೊಂಡಿದೆ.

ನಾನು ಹುಟ್ಟಿ ಬೆಳೆದದ್ದು ಅಣ್ಣಿಗೇರಿಯಿಂದ ಎರಡು ಹರದಾರಿ ದೂರದ ಒಂದು ಹಳ್ಳಿಯಲ್ಲಿ. ಆಗ ಅದು ನವಲಗುಂದ ತಾಲೂಕು. ಪಂಪನ ಹೆಸರಿನೊಡನೆ ಕೂಡಿಕೊಂಡ ಊರು ಅಣ್ಣಿಗೇರಿ ಎಂಬ ಅಭಿಮಾನವನ್ನು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಮನೆಯವರ ಮಟ್ಟಿಗೆ ಅದು ದವಾಖಾನೆಯ ಊರು. ಕೂಸಿನ ಉಸಿರು ಏರಿ ಪಕ್ಕೆ ಒಳಗೆ ಸೆಳೆಯತೊಡಗಿದರೆ ಅದನ್ನು ‘ಡಬ್ಬಾ’ ಎಂದು ಕರೆದು, ಹೊಟ್ಟೆಯ ಮೇಲೆ ಚುಟಿಗೆ ಹಾಕಿಸುತ್ತಿದ್ದ ಕಾಲ ಅದು. ವಿಷಮಶೀತ ಜ್ವರ ಬಂದರೆ ವಾರಗಟ್ಟಲೆ ಗಂಜಿನೀರಿನ ಮೇಲೆ ಮಗುವನ್ನು ಮಲಗಿಸಿ ಕಾಯುವುದು, ಅಷ್ಟೆ. ನಮ್ಮ ಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು ಒಂದಿತ್ತು. ಕೂಸು ಹುಟ್ಟಿದ ಮನೆಗೆಲ್ಲ ಅದು ಎರವಲು ಹೋಗುತ್ತಿತ್ತು. ಹೋದ ತೊಟ್ಟಿಲು ಕಾಲಕ್ಕೆ ಮುಂಚೆಯೇ ತಿರುಗಿ ಬಂದರೆ ಆಯಿ ತಂದವರನ್ನು ಏನೂ ಕೇಳದೆ ಒಳಗಿಡಿಸುತ್ತಿದ್ದಳು.

ಸರಕಾರಿ ದವಾಖಾನೆಯ ಕಂಪೌಂಡರರು ನಾವು ಒಯ್ದ ಬಾಟಲಿಗೇ ಮಿಕ್ಸ್ಚರ್ ತುಂಬಿ, ಅದರ ಹೊರಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲೆಂದರೆ ಒಂದು ಡೋಸು. ಅಕ್ಷರ ಬಾರದವರಿಗೂ ಅಳತೆ ಕಾಣುವಂತೆ ಮಾಡಿದ ಆ ಉಪಾಯ ನನಗೆ ಇಂದಿಗೂ ಮೆಚ್ಚುಗೆಯದು. ಬಾಟಲಿಯೊಳಗಿನ ಔಷಧಿಯಲ್ಲಿ ಅಂಥ ಬಲವಿರಲಿಲ್ಲ ಎನ್ನುವುದು ಬೇರೆ ಮಾತು.

ಬಲವುಳ್ಳ ಔಷಧಿ ಜಗತ್ತಿಗೆ ಬಂದದ್ದು 1935ರಲ್ಲಿ, ಜರ್ಮನಿಯಿಂದ. ಅದು ಸಲ್ಫಾ ವರ್ಗದ್ದು. ರೋಗಾಣುವನ್ನೇ ಹಿಡಿದು ನಿಲ್ಲಿಸಬಲ್ಲ ಗುಳಿಗೆ ದೊರೆತಾಗ ವೈದ್ಯಲೋಕ ಹಿಗ್ಗಿತು. ಆದರೆ ಮಕ್ಕಳು ಗುಳಿಗೆ ನುಂಗಲಾರರು. ಅವರಿಗೂ ಅವರಂಥ ಇತರರಿಗೂ ಅನುಕೂಲವಾಗಲೆಂದು 1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫಾವನ್ನು ಸಿಹಿಯಾದ, ಹಣ್ಣಿನ ರುಚಿಯ ಪಾನಕದಂತೆ ಮಾಡಿ ಮಾರಿತು. ಔಷಧಿಯನ್ನು ಕರಗಿಸಲು ಬಳಸಿದ ದ್ರವ ಡೈ ಎಥಿಲಿನ್ ಗ್ಲೈಕಾಲ್. ಅದು ಮೂತ್ರಪಿಂಡಗಳನ್ನು ಕೆಡಿಸುವ ವಿಷವೆಂಬುದನ್ನು ಮಾರುವ ಮುನ್ನ ಯಾರೂ ಪರೀಕ್ಷಿಸಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಮಕ್ಕಳು. ಔಷಧಿಯನ್ನು ಮಾರುವ ಮೊದಲು ಅದು ನಿರಪಾಯವೆಂದು ತೋರಿಸಬೇಕೆಂಬ ಕಾಯಿದೆ ಅಲ್ಲಿ ಹುಟ್ಟಿದ್ದು ಇದರ ಮರುವರ್ಷ. ಪಾಠ ಅಲ್ಲಿಗೆ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ, 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೆಮ್ಮಿನ ಸಿರಪ್ಪು ಕುಡಿದ ಎಳೆಯ ಮಕ್ಕಳನ್ನು ಕೊಂದದ್ದು ಅದೇ ವಿಷ ಎಂಬುದನ್ನು ನೆನೆಯಬೇಕು.

ಸಲ್ಫಾದ ಬೆನ್ನಿಗೇ ಪೆನಿಸಿಲಿನ್ ಬಂದಿತು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಅದರ ಸುಳಿವನ್ನು ಕಂಡದ್ದು ಎಲ್ಲರೂ ಬಲ್ಲ ಕಥೆ. ಅದರ ಮುಂದಿನ ಕಥೆಯನ್ನು ನಾವು ಅಷ್ಟಾಗಿ ಕೇಳಿಲ್ಲ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಅವರ ಸಂಗಡಿಗರು, ಮೈಯೆಲ್ಲ ನಂಜೇರಿದ್ದ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಅದನ್ನು ಕೊಟ್ಟರು. ಆತ ಚೇತರಿಸಿಕೊಂಡ. ಅಷ್ಟರಲ್ಲಿ ಇದ್ದ ಔಷಧಿಯೆಲ್ಲ ತೀರಿತು. ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ತೆಗೆದು ಚುಚ್ಚಿದರೂ ಸಾಲದೆ, ರೋಗ ಮರುಕಳಿಸಿ ಆತ ಸತ್ತ. ಆ ಬಳಿಕ ವಿಜ್ಞಾನಿಗಳು ಮಕ್ಕಳತ್ತ ಹೊರಳಿದರು. ಕಾರಣ ಸರಳವಾದದ್ದು. ಮಗುವಿನ ಮೈ ಚಿಕ್ಕದು. ಇರುವಷ್ಟು ಔಷಧಿ ಅದಕ್ಕೆ ಸಾಕಾದೀತು. ಹೀಗೆ ಆಂಟಿಬಯಾಟಿಕ್ಕಿನ ಇತಿಹಾಸದೊಳಕ್ಕೆ ಮಕ್ಕಳು ಕಾಲಿಟ್ಟದ್ದೇ ತಮ್ಮ ಪುಟ್ಟ ಅಳತೆಯ ಬಲದಿಂದ. ಪಂಡಿತರು ಈ ಔಷಧಿಗಳಿಗೆ ಪ್ರತಿಜೈವಿಕವೆಂದು ಹೆಸರಿಟ್ಟಿದ್ದಾರೆ. ಜನ ಆಂಟಿಬಯಾಟಿಕ್ ಎಂದೇ ಅನ್ನುತ್ತಾರೆ; ನಾನೂ ಜನರ ಮಾತನ್ನೇ ಹಿಡಿಯುತ್ತೇನೆ.

ನಮ್ಮ ದೇಶದಲ್ಲಿ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ಥಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಮರುವರ್ಷ ಅಲ್ಲಿ ಪೆನಿಸಿಲಿನ್ ತಯಾರಾಗತೊಡಗಿತು. ಆಗ ಪಿಂಪ್ರಿಯೂ ಧಾರವಾಡ ಜಿಲ್ಲೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಬಂದೆವು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾಯಿತು. ಚುಟಿಗೆಯ ಕಾಲ ಸರಿದು ಸೂಜಿಯ ಕಾಲ ಬಂದಿತು. “ಸೂಜಿ ಮಾಡ್ಸಿದ್ರೇನು?” ಎಂಬುದು ಜ್ವರದ ಮನೆಗೆ ಬಂದವರು ಕೇಳುವ ಮೊದಲ ಪ್ರಶ್ನೆಯಾಯಿತು.

ಈ ನಡುವೆ ಇನ್ನೊಂದು ಅದ್ಭುತ ನಡೆದಿತ್ತು. ಮೊದಲ ಮಳೆ ಬಿದ್ದಾಗ ನಮ್ಮ ಎರೆಹೊಲಗಳು ಬಿಡುವ ಕಂಪನ್ನು ತಾವೆಲ್ಲ ಬಲ್ಲಿರಿ. ಆ ಕಂಪಿಗೆ ಬಹುಮಟ್ಟಿಗೆ ಕಾರಣ ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1947ರಲ್ಲಿ ವೆನೆಜುವೆಲಾದ ಮಣ್ಣಿನಿಂದ ಕ್ಲೊರಾಂಫೆನಿಕಾಲ್, 1948ರಲ್ಲಿ ಆರಿಯೊಮೈಸಿನ್, ಇವೆಲ್ಲ ದೊರೆತದ್ದು ಈ ಬಳಗದಿಂದಲೇ. ಆರಿಯೊಮೈಸಿನ್ನನ್ನು ಬೆಂಜಮಿನ್ ಡಗ್ಗರ್ ಕಂಡುಹಿಡಿದ ಪ್ರಯೋಗಾಲಯಕ್ಕೆ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧಿ ಇದು. ವಿಷಮಶೀತ ಜ್ವರಕ್ಕೆ ಕ್ಲೊರಾಂಫೆನಿಕಾಲ್ ರಾಮಬಾಣವಾಯಿತು. ಮಣ್ಣು ಅನ್ನವನ್ನು ಕೊಡುತ್ತದೆಂದು ಬಲ್ಲ ನಮ್ಮ ಒಕ್ಕಲಿಗರಿಗೆ, ಅದು ಸಂಜೀವಿನಿಯನ್ನೂ ಕೊಡುತ್ತದೆಂದು ಯಾರಾದರೂ ಹೇಳಿದ್ದರೆ ಅವರೇನೂ ಆಶ್ಚರ್ಯಪಡುತ್ತಿರಲಿಲ್ಲ.

ಆದರೆ ಸಂಜೀವಿನಿಗೂ ಅಳತೆಯುಂಟು. 1959ರಲ್ಲಿ ಅಮೆರಿಕದ ವೈದ್ಯರು ಒಂದು ದಾರುಣ ಸಂಗತಿಯನ್ನು ಪ್ರಕಟಿಸಿದರು. ಸೋಂಕು ತಗಲದಿರಲೆಂದು ಮುನ್ನೆಚ್ಚರಿಕೆಯಾಗಿ ಕ್ಲೊರಾಂಫೆನಿಕಾಲ್ ಕೊಟ್ಟ ದಿನತುಂಬದ ಶಿಶುಗಳು, ಕೊಡದೆ ಬಿಟ್ಟ ಶಿಶುಗಳಿಗಿಂತ ಹೆಚ್ಚಾಗಿ ಸತ್ತಿದ್ದವು. ಹೊಟ್ಟೆ ಉಬ್ಬಿ, ಮೈ ಬೂದಿಬಣ್ಣಕ್ಕೆ ತಿರುಗಿ, ಉಸಿರು ನಿಲ್ಲುತ್ತಿತ್ತು. ಎಳೆಯ ಶಿಶುವಿನ ಯಕೃತ್ತು ಆ ಔಷಧಿಯನ್ನು ಕಳಚಿ ಹೊರಹಾಕುವಷ್ಟು ಬಲಿತಿರುವುದಿಲ್ಲ; ಕೊಟ್ಟ ಡೋಸು ರಕ್ತದಲ್ಲೇ ಉಳಿದು, ಅದರ ಮೇಲೆ ಇನ್ನೊಂದು ಡೋಸು ಕೂಡಿ ವಿಷವಾಗುತ್ತದೆ. ದೊಡ್ಡವರ ಪ್ರಮಾಣವನ್ನು ಭಾಗಿಸಿದರೆ ಮಗುವಿನ ಪ್ರಮಾಣ ಸಿಕ್ಕುತ್ತದೆಂಬ ನಂಬಿಕೆ ಅಂದಿಗೆ ಕುಸಿಯಿತು. ಮಗುವಿನ ವಯಸ್ಸು, ತೂಕ, ಒಳಗಿನ ಅಂಗಗಳ ಬಲಿತ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ವೈದ್ಯಶಾಸ್ತ್ರ ಕಲಿತುಕೊಂಡಿತು. ಕೂಸಿನ ತಿಂಗಳು ನೋಡಿ ಸುತ್ತು ಏರಿಸುತ್ತಿದ್ದ ನನ್ನ ಆಯಿ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದಳೋ.

ಇನ್ನು ನನ್ನ ಮನೆಯ ಮಾತು.

1967ರ ಮಳೆಗಾಲ. ನನಗಾಗ ಹನ್ನೊಂದು ವರ್ಷ; ನನ್ನ ತಂಗಿಗೆ ಎರಡು ತುಂಬಿ ಮೂರನೆಯದು ನಡೆದಿತ್ತು. ಒಂದು ಸಂಜೆ ಆಕೆಯ ಪಕ್ಕೆ ಒಳಕ್ಕೆ ಸೆಳೆಯತೊಡಗಿತು. ಎರೆಯ ಕೆಸರಿನಲ್ಲಿ ಗಾಡಿಯ ಗಾಲಿ ಹೂಳುತ್ತಿದ್ದ ರಾತ್ರಿ ಅಪ್ಪ ಚಕ್ಕಡಿ ಹೂಡಿಕೊಂಡು ಆಕೆಯನ್ನು ಪೇಟೆಯ ಡಾಕ್ಟರರಲ್ಲಿಗೆ ಒಯ್ದರು. ಅವರು ಸೂಜಿ ಮಾಡಿ, ಹಳದಿಬಣ್ಣದ ಸಿಹಿ ಔಷಧಿಯ ಬಾಟಲಿಯೊಂದನ್ನು ಬರೆದುಕೊಟ್ಟರು. ಮೂರನೆಯ ದಿನ ಕೂಸು ಕಣ್ಣು ತೆರೆದು ಹಾಲು ಬೇಡಿತು. ಆಯಿ ತನ್ನ ಸಾಣೆಕಲ್ಲನ್ನು ಒಳಗಿಟ್ಟು ಆ ಬಾಟಲಿಗೆ ಕೈಮುಗಿದದ್ದು ನನ್ನ ಕಣ್ಣಮುಂದಿದೆ.

ಡಾಕ್ಟರರ ಚೀಟಿಯನ್ನು ಅಪ್ಪ ದೇವರ ಪಟದ ಹಿಂದೆ ಜೋಪಾನವಾಗಿಟ್ಟರು. ಮುಂದೆ ತಂಗಿಗೆ ನೆಗಡಿಯಾದರೂ ಸರಿ, ಮೈ ಬೆಚ್ಚಗಾದರೂ ಸರಿ, ಆ ಚೀಟಿ ಹೊರಗೆ ಬರುವುದು. ಅದನ್ನು ಒಯ್ದು ಔಷಧಿ ತರುವ ಕೆಲಸ ನನ್ನದು. ಅಂಗಡಿಯವರು ಏನನ್ನೂ ಕೇಳುತ್ತಿರಲಿಲ್ಲ. ಚೀಟಿ ನೋಡಿ ಬಾಟಲಿ ಕೊಡುತ್ತಿದ್ದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವವರೆಗೆ, ಎರಡು ವರ್ಷಗಳ ಕಾಲ ಆ ಚೀಟಿ ನಡೆಯಿತು. ತಂಗಿಯನ್ನು ಬದುಕಿಸುವ ಹೊಣೆ ನನ್ನ ಮೇಲಿದೆಯೆಂಬ ಹೆಮ್ಮೆಯಿಂದ ನಾನು ಎರಡು ಹರದಾರಿ ನಡೆಯುತ್ತಿದ್ದೆ.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡಿದಾಗ ಅವು ಕಂದು ಪಟ್ಟಿಗಳನ್ನು ಹೊತ್ತು ಬಂದವು. ಬಿಸಿಲು ಬೆಳಕಿಗೆ ವರ್ಷವರ್ಷಕ್ಕೂ ಕಪ್ಪಿಟ್ಟವು. ಬಾವಿಯ ನೀರಿನ ದೋಷವೆಂದರು ಊರವರು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲು ಕೆಡುವುದುಂಟು, ನಿಜ. ಆದರೆ ಅದೇ ನೀರು ಕುಡಿದ ನನ್ನ ಹಲ್ಲು ಬೆಳ್ಳಗೇ ಇದ್ದವು. ಆ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಎಷ್ಟೋ ವರ್ಷಗಳ ಮೇಲೆ ಧಾರವಾಡದಲ್ಲಿ ಹಲ್ಲಿನ ವೈದ್ಯರೊಬ್ಬರು ಆಕೆಯ ಬಾಯಿ ನೋಡಿ, “ಸಣ್ಣವರಿದ್ದಾಗ ಟೆಟ್ರಾಸೈಕ್ಲಿನ್ ಬಹಳ ಸಲ ತಗೊಂಡೀರೇನ್ರಿ?” ಎಂದು ಕೇಳಿದರಂತೆ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆ ಔಷಧಿ ಸುಣ್ಣದ ಅಂಶದೊಡನೆ ಬೆರೆತು ಹಲ್ಲಿನೊಳಗೇ ನೆಲೆಗೊಳ್ಳುತ್ತದೆ. ಉಜ್ಜಿದರೆ ಹೋಗುವ ಕಲೆಯಲ್ಲ.

ನನ್ನನ್ನು ಬಾಧಿಸಿದ ಸಂಗತಿ ಇನ್ನೊಂದು. 1950ರ ದಶಕ ಮುಗಿಯುವುದರೊಳಗೇ ವೈದ್ಯ ಪತ್ರಿಕೆಗಳಲ್ಲಿ ಈ ವಿಷಯ ಬಂದಾಗಿತ್ತು. 1963ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ ಎಚ್ಚರಿಕೆಯನ್ನೂ ಹೊರಡಿಸಿತ್ತು. ಔಷಧಿ ನಮ್ಮ ಹಳ್ಳಿಗೆ ಬಂದು ತಲುಪಿದಷ್ಟು ಬೇಗ ಅದರ ಎಚ್ಚರಿಕೆ ತಲುಪಲಿಲ್ಲ. ಮುಂದೆ ಭಾರತ ಸರಕಾರವು ಟೆಟ್ರಾಸೈಕ್ಲಿನ್ನಿನ ಕುಡಿಯುವ ದ್ರವರೂಪವನ್ನೇ ನಿಷೇಧಿಸಿತು. ಅಷ್ಟರಲ್ಲಿ ನನ್ನ ತಂಗಿ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತಿದ್ದಳು. ಆಕೆಯ ಮದುವೆಯ ಒಂದು ಫೋಟೋದಲ್ಲೂ ತುಟಿ ಬಿಚ್ಚಿಲ್ಲ.

ಹಾಗೆಂದು ಔಷಧಿಯನ್ನೇ ಶಪಿಸಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಅದೇ ಬಳಗದ ಡಾಕ್ಸಿಸೈಕ್ಲಿನ್ನನ್ನು ಕೆಲವೇ ದಿನ ಕೊಟ್ಟರೆ ಹಲ್ಲಿಗೆ ಅಂಥ ಕಲೆ ಬರುವುದಿಲ್ಲವೆಂದು ಈಗ ತಿಳಿದಿದೆ. ಹೊಲಗದ್ದೆಗಳ ಸಣ್ಣ ಹುಳುಗಳು ಕಚ್ಚಿ ಹಬ್ಬುವ ಸ್ಕ್ರಬ್ ಟೈಫಸ್ ಜ್ವರದಲ್ಲಿ ವೈದ್ಯರು ಮಕ್ಕಳಿಗೂ ಅದನ್ನು ಕೊಟ್ಟು ಜೀವ ಉಳಿಸುತ್ತಾರೆ. ಎಲ್ಲವೂ ಯಾವ ರೋಗಕ್ಕೆ, ಎಷ್ಟು, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಲ್ಲಿದೆ. ನಮ್ಮ ಮನೆಯಲ್ಲಿ ಮೊದಲ ಬಾಟಲಿಗೆ ಆ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವವರೊಬ್ಬರಿದ್ದರು. ಉಳಿದ ಬಾಟಲಿಗಳಿಗೆ ಇದ್ದದ್ದು ಒಂದು ಹಳೆಯ ಚೀಟಿ, ಮತ್ತು ನಾನು.

ಅಳತೆ ತಪ್ಪಿದ್ದರ ಫಲ ತಪ್ಪಿದವರ ಮನೆಯಲ್ಲೇ ನಿಲ್ಲುವುದಿಲ್ಲ. ವಿಷಮಶೀತ ಜ್ವರದ ರೋಗಾಣು ಕ್ಲೊರಾಂಫೆನಿಕಾಲಿಗೆ ಜಗ್ಗದಂತಾದ ಸುದ್ದಿ 1972ರಲ್ಲಿ ಮೆಕ್ಸಿಕೋದಿಂದ ಬಂದಿತು. ಅದೇ ವರ್ಷ ನಮ್ಮ ನೆರೆಯ ಕೇರಳದ ಕೋಳಿಕ್ಕೋಡಿನಿಂದಲೂ ಬಂದಿತು. ಬೇಡದ ಜ್ವರಕ್ಕೆ ಕೊಟ್ಟದ್ದು, ತೆಳುವಾಗಿ ಕೊಟ್ಟದ್ದು, ಮನಸ್ಸಿಗೆ ಬಂದಾಗ ಬಿಟ್ಟದ್ದು, ಇವೆಲ್ಲ ಸೇರಿ ಬಲವಾದ ರೋಗಾಣುಗಳಿಗೆ ಜಾಗ ತೆರವು ಮಾಡಿಕೊಡುತ್ತವೆ. ಒಂದು ಔಷಧಿ ಸೋತಲ್ಲಿ ಇನ್ನೊಂದು, ಅದೂ ಸೋತಲ್ಲಿ ಮತ್ತೊಂದು ಎಂದು ವೈದ್ಯರು ಮುಂದೆ ಮುಂದೆ ಹೋಗಬೇಕಾಯಿತು. ಡಾಕ್ಟರರ ಚೀಟಿ ನೋಡಿ ದಾಖಲೆ ಪುಸ್ತಕದಲ್ಲಿ ಬರೆದುಕೊಂಡೇ ಕೊಡಬೇಕಾದ ಔಷಧಿಗಳ ಪಟ್ಟಿಯೊಂದು 2014ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ಅನೇಕ ಆಂಟಿಬಯಾಟಿಕ್‌ಗಳಿವೆ. ಗುಳಿಗೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸುವ ಪ್ರಚಾರ 2016ರಲ್ಲಿ ನಡೆಯಿತು. ಕಾಯಿದೆಗಳು ಬಂದವು. ಆದರೆ ಕೊನೆಯ ಚಮಚೆಯನ್ನು ಅಳೆಯುವುದು ಯಾವ ಸರಕಾರವೂ ಅಲ್ಲ, ಮನೆಯ ಹೆಣ್ಣುಮಗಳು.

ಈಚೆಗೆ ಊರಿಗೆ ಹೋದಾಗ ನೆರೆಮನೆಯ ಸೊಸೆ ಮಗುವಿಗೆ ಔಷಧಿ ಹಾಕುತ್ತಿದ್ದಳು. ಪುಡಿಯ ಬಾಟಲಿಗೆ ನೀರು ಬೆರೆಸಿ ಮಾಡಿಕೊಳ್ಳುವ ಔಷಧಿ ಅದು. ಬಾಟಲಿ ಕುತ್ತಿಗೆಯವರೆಗೂ ತುಂಬಿತ್ತು.

“ನೀರು ಎಷ್ಟು ಹಾಕೀದಿ, ಯವ್ವಾ?” ಎಂದೆ.

“ತುಂಬ ಹಾಕೀನ್ರಿ ಕಾಕಾರ, ನಾಕ ದಿನಾ ಜಾಸ್ತಿ ಬರ್ಲಿ ಅಂತ. ಉಳದ್ರ ಇಡತೀನಿ, ಮತ್ತೊಮ್ಮೆ ಜ್ವರಾ ಬಂದ್ರ ಬೇಕಾಗ್ತೈತಲ್ರಿ.”

ಬಾಟಲಿಯ ಮೈಮೇಲಿನ ಸಣ್ಣ ಗೆರೆಯನ್ನು ನಾನು ಬೆರಳಿಟ್ಟು ತೋರಿಸಿದೆ. ಆಕೆ ಅದನ್ನು ಅದುವರೆಗೆ ನೋಡಿರಲಿಲ್ಲ, ಯಾರೂ ತೋರಿಸಿರಲಿಲ್ಲ. ಬರಗಾಲ ಕಂಡ ನಾಡಿನ ಹೆಣ್ಣುಮಗಳಿಗೆ ಯಾವುದನ್ನೂ ಹಿಗ್ಗಿಸಿ ಬಳಸುವುದು ಜಾಣತನವೇ ಸರಿ. ಮಜ್ಜಿಗೆಗೆ ಒಪ್ಪುವ ಆ ಜಾಣತನ ಈ ಬಾಟಲಿಗೆ ಒಪ್ಪುವುದಿಲ್ಲ. ಕುದಿಸಿ ಆರಿಸಿದ ನೀರನ್ನು ಗೆರೆಗಿಂತ ಕೆಳಗೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಸರಿಯಾಗಿ ಗೆರೆಯವರೆಗೆ ತುಂಬಬೇಕು. ಪ್ರತಿ ಸಲ ಕೊಡುವ ಮುನ್ನ ಮತ್ತೆ ಕುಲುಕಬೇಕು. ಅಡುಗೆಮನೆಯ ಚಮಚೆ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಬಾಟಲಿಯೊಡನೆ ಬಂದ ಮುಚ್ಚಳದಿಂದಲೇ ಅಳೆಯಬೇಕು. ಒಂದೇ ಹೆಸರಿನ ಔಷಧಿ ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವಂತೆಯೂ ಸಿಕ್ಕುತ್ತದೆ, 250 ಇರುವಂತೆಯೂ ಸಿಕ್ಕುತ್ತದೆ. ಹೆಸರು ಒಂದೇ, ಬಲ ಇಮ್ಮಡಿ. ಕಲಸಿದ ಔಷಧಿ ಸಾಮಾನ್ಯವಾಗಿ ಒಂದು ವಾರ ಬಾಳುತ್ತದೆ, ಆಮೇಲೆ ಚೆಲ್ಲಬೇಕು. ವೈದ್ಯರು ಹೇಳಿದ ದಿನಗಳಿಗಿಂತ ಮುಂಚೆ ನಿಲ್ಲಿಸಬಾರದು, ಮೀರಿಯೂ ಕೊಡಬಾರದು. ಹಿಂದೆ ಯಾವುದಾದರೂ ಔಷಧಿಗೆ ಮೈಮೇಲೆ ದದ್ದು ಎದ್ದಿದ್ದರೆ ಮೊದಲೇ ಹೇಳಬೇಕು. ಮತ್ತು ನೆಗಡಿ, ಸಾಮಾನ್ಯ ಭೇದಿ, ಇವುಗಳಲ್ಲಿ ಬಹುಪಾಲು ವೈರಾಣುಗಳಿಂದ ಬರುವಂಥವು. ಅಲ್ಲಿ ಆಂಟಿಬಯಾಟಿಕ್‌ಗೆ ಕೆಲಸವೇ ಇಲ್ಲ.

ಹಾಗಾದರೆ ಯಾವ ಕೆಮ್ಮಿಗೆ ಅದು ಬೇಕೆಂದು ತಿಳಿಯುವುದು ಹೇಗೆ? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು 1980ರ ದಶಕದ ಕೊನೆಗೆ ಇದಕ್ಕೊಂದು ದಾರಿ ತೋರಿದರು. ನ್ಯುಮೋನಿಯ ಹಿಡಿದ ಮಗುವಿನ ಉಸಿರು ವೇಗವಾಗುತ್ತದೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕೂ ಮೇಲಾದರೆ ಅಪಾಯದ ಸೂಚನೆ. ಪಕ್ಕೆ ಒಳಗೆ ಸೆಳೆಯುತ್ತಿದ್ದರಂತೂ ತಡಮಾಡದೆ ದವಾಖಾನೆಗೆ ಒಯ್ಯಬೇಕು. ಎಣಿಕೆ ಬಾರದ ಸೂಲಗಿತ್ತಿಯರಿಗಾಗಿ ಅವರು ಒಂದು ನಿಮಿಷದ ಮರಳು ಗಡಿಯಾರವನ್ನೂ ಮಣಿಗಳನ್ನೂ ಜೋಡಿಸಿದ ಸಾಧನವೊಂದನ್ನು ಮಾಡಿಸಿಕೊಟ್ಟರು. ಉಸಿರಿನ ಲೆಕ್ಕಕ್ಕೆ ಮಣಿ ಸರಿಸುತ್ತ ಆ ಹೆಂಗಸರು ನ್ಯುಮೋನಿಯವನ್ನು ಗುರುತಿಸಿದರು. ತರಬೇತಾದ ಹಳ್ಳಿಯ ಕಾರ್ಯಕರ್ತರು ಔಷಧಿ ಕೊಟ್ಟರು. ಮಕ್ಕಳ ಸಾವು ಇಳಿಯಿತು. 1990ರಲ್ಲಿ ಆ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಓದಿದಾಗ ನನಗೆ ಕಂಪೌಂಡರರ ಹಲ್ಲುಹಲ್ಲಿನ ಪಟ್ಟಿಯೂ ಆಯಿಯ ಸುತ್ತುಗಳೂ ಕಣ್ಣಿಗೆ ಕಟ್ಟಿದವು. ಅಳತೆಗೆ ಅಕ್ಷರ ಬೇಕಿಲ್ಲ; ಅದನ್ನು ಕಾಣುವಂತೆ ಮಾಡಿಕೊಡುವವರು ಬೇಕು.

ನನ್ನ ತಂಗಿಗೆ ಈಗ ಅರವತ್ತರ ವಯಸ್ಸು. ಹೋದ ಚಳಿಗಾಲ ಆಕೆಯ ಮನೆಯಲ್ಲಿದ್ದೆ. ಮೊಮ್ಮಗನಿಗೆ ಕಿವಿ ಸೋರಿ ಜ್ವರ ಬಂದು, ಡಾಕ್ಟರರು ತೂಕ ನೋಡಿ ಔಷಧಿ ಬರೆದುಕೊಟ್ಟಿದ್ದರು. ತಂಗಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಕಣ್ಣಿನ ನೇರಕ್ಕೆ ಹಿಡಿದು, ಆರಿದ ನೀರನ್ನು ಹನಿಹನಿಯಾಗಿ ಗೆರೆಗೆ ತಂದು ನಿಲ್ಲಿಸಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಡೋಸುಗಳ ಗುರುತು ಹಾಕಿದ್ದಳು. ಅವನ್ನು ಎಣಿಸುವಾಗ ಆಕೆಯ ತುಟಿ ಅಲ್ಲಾಡುತ್ತಿದ್ದವು. ಆ ಹಳೆಯ ಚೀಟಿಯ ಮಾತನ್ನು ನಾನಾಗಿಯೇ ತೆಗೆದೆ. ಐವತ್ತು ವರ್ಷಗಳಲ್ಲಿ ಅದೇ ಮೊದಲು.

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ನೀ ಹೋಗಿ ತರದಿದ್ರ ನಾ ಎಲ್ಲಿರ್ತಿದ್ದೆ, ಅಣ್ಣಾ?”

ಮೊದಲ ಬಾಟಲಿಗೆ ಆ ಮಾತು ಸಲ್ಲುತ್ತದೆ. ಅದನ್ನು ತಂದವರು ಅಪ್ಪ. ಉಳಿದವನ್ನು ತಂದವನು ನಾನು.